ಸೈಕಲ್ ಕ್ಯಾಮೆರಾದಲ್ಲಿ ನಂಬರ್ ಪ್ಲೇಟೇ ಕಾಣಲ್ಲ!

ಗೇರಿಲ್ಲದ ಸೈಕಲ್: ಮಾರತಹಳ್ಳಿಯಿಂದ ಬೆಳ್ಳಂದೂರಿಗೆ ದಿನಾ ಸೈಕಲ್‌ನಲ್ಲೇ ಆಫೀಸಿಗೆ ಹೋಗುತ್ತೇನೆ. ನಿನ್ನೆ ಕತ್ತಲಾಗುವ ಹೊತ್ತಿಗೆ ಟೆಂಪೊ ಒಂದು ಮೊಣಕೈ ಸವರಿಕೊಂಡೇ ಹೋಯಿತು, ಹ್ಯಾಂಡಲ್ ಅಲ್ಲಾಡಿ ಚರಂಡಿ ಕಲ್ಲಿನ ಮೇಲೆ ಕಾಲೂರಿದೆ, ಮನೆಗೆ ಬಂದು ವಿಡಿಯೊ ನೋಡಿದರೆ ನಂಬರ್ ಪ್ಲೇಟ್ ಬರೀ ಹಳದಿ ಪಟ್ಟಿ. ಕ್ಯಾಮೆರಾವನ್ನು 4ಕೆ, ಅಂದರೆ ತುಂಬ ಸ್ಪಷ್ಟವಾದ ವಿಡಿಯೊಗೆ ಇಟ್ಟರೂ ಹೀಗ್ಯಾಕೆ? ಬ್ಯಾಟರಿ ಬೇರೆ ಒಂದು ಗಂಟೆಗೇ ಕೈಕೊಡುತ್ತದೆ.

ಪಂಕ್ಚರ್ ಪರಿಣತ: 4ಕೆ ತಪ್ಪಲ್ಲ, ಬೆಳಕು ಸಾಲದು. ಆಟೋ ಸೆಟ್ಟಿಂಗ್‌ನಲ್ಲಿ ಬಿಟ್ಟರೆ ಕತ್ತಲಲ್ಲಿ ಕ್ಯಾಮೆರಾ ಶಟರ್ ವೇಗ ಇಳಿಸುತ್ತದೆ, ಅಂದರೆ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಬೆಳಕು ಬಿಡುತ್ತದೆ, ಓಡುವ ಗಾಡಿ ಮಸುಕಾಗುತ್ತದೆ. ಶಟರನ್ನು 1/240 ಸೆಕೆಂಡಿಗೆ ಇಟ್ಟು ನೋಡಿ, ಚಿತ್ರ ಸ್ವಲ್ಪ ಕಪ್ಪಾಗಬಹುದು, ಅಷ್ಟೇ. ಬ್ಯಾಟರಿ ಉಳಿಯಬೇಕಾದರೆ 4ಕೆಗಿಂತ ಕೆಳಗಿನ 1080ಪಿ ಸಾಕು.

ಗೇರಿಲ್ಲದ ಸೈಕಲ್: ಪವರ್ ಬ್ಯಾಂಕ್ ಸಿಕ್ಕಿಸಬಹುದಾ?

ಮಳೆಕೋಟು: ಸಿಕ್ಕಿಸಬಹುದು, ಆದರೆ ವೈರಿಗಾಗಿ ಕ್ಯಾಮೆರಾದ ಪಕ್ಕದ ಮುಚ್ಚಳ ತೆರೆದರೆ ವಾಟರ್‌ಪ್ರೂಫ್ ಕಥೆ ಮುಗೀತು ಅಲ್ವಾ? ನಾನು ಹಾಗೇ ಒಂದು ಕ್ಯಾಮೆರಾ ಮಳೆಗೆ ಕೊಟ್ಟೆ. ಈಗ ಜೇಬಲ್ಲಿ ಇನ್ನೊಂದು ಬ್ಯಾಟರಿ.