ಖಾಲಿ ಕೊಠಡಿ, ಎಂಟು ಮಕ್ಕಳು, 60,000 ರೂಪಾಯಿ: ಸಂಪನ್ಮೂಲ ಕೊಠಡಿ ಹೇಗೆ ಜೋಡಿಸಲಿ? ಅನುಭವ ಇದ್ದವರು ಹೇಳಿ

ಹೊಸ ಬಿಐಇಆರ್‌ಟಿ, ಮಲೆನಾಡು
ಎಲ್ಲರಿಗೂ ನಮಸ್ಕಾರ. ಬಿಐಇಆರ್‌ಟಿ, ಅಂದರೆ ತಾಲ್ಲೂಕಿನ ಶಾಲೆಗಳ ವಿಶೇಷ ಮಕ್ಕಳಿಗೆ ಕಲಿಸುವ ಕೆಲಸಕ್ಕೆ ಹೊಸದಾಗಿ ಬಂದಿದ್ದೇನೆ. ಆ ಮಕ್ಕಳಿಗೆ ಕಲಿಸಲು ಸಂಪನ್ಮೂಲ ಕೊಠಡಿ ಮಾಡಿ ಅಂತ ಶಾಲೆಯಲ್ಲಿ 20×18 ಅಡಿಯ ಕೊಠಡಿ ಬಿಟ್ಟುಕೊಟ್ಟಿದ್ದಾರೆ. ಹೆಂಚಿನ ಮಾಡು, ಬಾಗಿಲು ದಕ್ಷಿಣಕ್ಕೆ, ಎರಡೂ ಕಿಟಕಿ ಪೂರ್ವಕ್ಕೆ. ಆಟಿಸಂ ಮೂವರು, ಸಿಪಿ, ಅಂದರೆ ಸೆರೆಬ್ರಲ್ ಪಾಲ್ಸಿಯಿಂದ ಮೈಕೈ ಹಿಡಿತ ತಪ್ಪಿದವರು ಇಬ್ಬರು (ಒಬ್ಬಳಿಗೆ ವೀಲ್‌ಚೇರ್), ಬೌದ್ಧಿಕ ಅಂಗವೈಕಲ್ಯ ಇಬ್ಬರು, ಲೋ ವಿಷನ್ (ದೃಷ್ಟಿ ಮಂದ) ಒಬ್ಬ. ಮೊದಲು ಏನು ಕೊಳ್ಳಲಿ, ಯಾವುದನ್ನು ಎಲ್ಲಿಡಲಿ? ಜೂನ್ ಒಳಗೆ ಆಗಬೇಕು.

ಗದಗಿನ ಮಾಸ್ತರ
ಮೇಡಂರಿ, ಮೊದ್ಲ ಅಂಗಡಿಗೆ ಹೋಗಬ್ಯಾಡ್ರಿ. ಚಾಕ್‌ಪೀಸ್ ತಗೊಂಡು ನೆಲದ ಮ್ಯಾಲ ಗೆರಿ ಹೊಡೀರಿ. ಒಬ್ಬೊಬ್ರ ಕೆಲಸದ ಜಾಗ 4×4 ಅಡಿ, ನಡುವ ಓಡಾಡಾಕ 3 ಅಡಿ. ಆಟಿಸಂ ಹುಡುಗರಿಗೆ ಪಾರ್ಟಿಶನ್ ಬೇಕಾ ಬೇಕು, ಎತ್ತರ 4 ಅಡಿ. ಅದಕ್ಕಿಂತ ಹೆಚ್ಚಾದ್ರ ನಿಂತ ಟೀಚರಿಗೆ ಕೂತ ಹುಡುಗ ಕಾಣಂಗಿಲ್ಲ. 3 ಅಡಿ ಮಾಡಿದ್ರ ಹುಡುಗಗ ಆಚಿ ಕಡೆದೆಲ್ಲಾ ಕಾಣ್ತೈತಿ, ಹಾಕಿದ್ದ ದಂಡ.

ನಮ್ಮಲ್ಲಿ 12 ಎಂಎಂ ಪ್ಲೈದಾಗ ಮೂರು ಪಾರ್ಟಿಶನ್‌ಗೆ 14,200 ಬಿತ್ತು. ಅದರಾಗ 2,600 ನೀರಿಗೆ ಹೋತು: ಬಡಿಗ ಕಾಲಿಗೆ ಬರೇ ಎಲ್ ಪಟ್ಟಿ ಹೊಡೆದಿದ್ದ, ಒರಗಿದ ಕೂಡ್ಲೇ ಹಲಗಿ ಅಡ್ಡ ಬಿತ್ತು. ಎರಡೂ ಕಡೆ 1 ಅಡಿ ಚಾಚಿದ ಟಿ ಕಾಲು ಹಾಕ್ಸಿ, ಒಂದು ತುದಿ ಗ್ವಾಡಿಗೆ ಸ್ಕ್ರೂ ಮಾಡ್ರಿ.

ಡೆಸ್ಕಿನ ಎಡಕ್ಕ ಮಾಡಬೇಕಾದ ಕೆಲಸದ ಮೂರು ಬುಟ್ಟಿ, ಬಲಕ್ಕ ಒಂದು ದೊಡ್ಡ 'ಮುಗೀತು' ಡಬ್ಬಿ. ಎಡದ ಬುಟ್ಟಿ ಖಾಲಿ ಆದ್ರ ಕೆಲಸ ಮುಗೀತು, ಮಾತಾಡಿ ತಿಳಿಸೋದ ಬ್ಯಾಡ. 'ಮುಗೀತು' ಡಬ್ಬಿಗೆ ಮುಚ್ಚಳ ಇರಲಿ. ಇಲ್ಲಂದ್ರ ಅದನ್ನ ಮತ್ತ ಹೊರಗ ತಗೊಂಡು ಮೊದ್ಲಿಂದ ಸುರು ಮಾಡ್ತಾರ.

ಓಟಿ, ಬೆಂಗಳೂರು
ನಾನು ಓಟಿ, ಅಂದರೆ ಆಕ್ಯುಪೇಷನಲ್ ಥೆರಪಿಸ್ಟ್; ದಿನನಿತ್ಯದ ಕೆಲಸ ಮಾಡಲು ಮಕ್ಕಳಿಗೆ ತರಬೇತಿ ಕೊಡುವವರು. ಮಾಸ್ತರರೇ, ಮೂವರನ್ನೂ ದಿನವಿಡೀ ಪಾರ್ಟಿಶನ್ನಿನ ಗೂಡಿಗೆ ಹಾಕಿದರೆ ಪಕ್ಕದವರ ಜೊತೆ ಕೂತು ಕಲಿಯುವುದು ಯಾವಾಗ? ನಮ್ಮಲ್ಲಿ ಗೂಡು ಒಂದೇ. ಸರದಿಯಲ್ಲಿ 15 ನಿಮಿಷ, ಆಮೇಲೆ ಕುದುರೆ ಲಾಳದ ಆಕಾರದ ಮೇಜಿಗೆ. ಟೀಚರ್ ಒಳಬಾಗಿನಲ್ಲಿ ಕೂತರೆ ಐದು ಮಕ್ಕಳಿಗೂ ಕೈ ಎಟಕುತ್ತದೆ.

ದುಡ್ಡು ಹೋಗಬೇಕಾದ್ದು ಬೆಳಕಿಗೆ. ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಮಿನುಗುತ್ತದೆ, ಗುಂಯ್ ಅನ್ನುತ್ತದೆ. ನಮಗೆ ಗೊತ್ತಾಗದಿದ್ದರೂ ಕೆಲವು ಮಕ್ಕಳಿಗೆ ತಲೆ ಕೆಡುತ್ತದೆ. ಅಗ್ಗದ ಎಲ್‌ಇಡಿ ಪಟ್ಟಿಯ ಹಣೆಬರಹವೂ ಅದೇ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಹೊತ್ತಿಸಿ, ಮೊಬೈಲ್ ವಿಡಿಯೊದಲ್ಲಿ ನೋಡಿ. ಪರದೆಯ ಮೇಲೆ ಕಪ್ಪು ಪಟ್ಟೆ ಓಡಿದರೆ ಬೇಡ.

ಇನ್ನು ಉಯ್ಯಾಲೆ. ತೂಗಿ ಮಗುವನ್ನು ಶಾಂತ ಮಾಡಲು 'ಸೆನ್ಸರಿ ಸ್ವಿಂಗ್ ಹಾಕಿ' ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಹೆಂಚಿನ ಮಾಡಿನ ಪಕಾಸಿಗೆ ಕೊಕ್ಕೆ ಹಾಕಲೇಬಾರದು. ಆರ್‌ಸಿಸಿ ಇದ್ದರೂ ಸ್ಲ್ಯಾಬಿಗೆ ಬರೀ ಆ್ಯಂಕರ್ ಬೋಲ್ಟ್ ಬಡಿದರೆ ದಿನಾ ಜಗ್ಗಿ ಜಗ್ಗಿ ಸಡಿಲವಾಗುತ್ತದೆ. ಬೇಕೇ ಬೇಕಿದ್ದರೆ ನೆಲದ ಮೇಲೆ ನಿಲ್ಲುವ ಕಬ್ಬಿಣದ ಚೌಕಟ್ಟು, ಮೇಲೆ ತಿರುಗುವ ಕೊಂಡಿ, ಕೆಳಗೆ ದಪ್ಪ ಮ್ಯಾಟ್.

ಗದಗಿನ ಮಾಸ್ತರ
ಗೂಡು ನನ್ನ ತಲಿಯಿಂದ ಬಂದದ್ದಲ್ರಿ. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದವರು ಆಟಿಸಂ ಹುಡುಗರಿಗೆ ಕಲಿಸಾಕ 1970ರ ದಶಕದಿಂದ ಮಾಡ್ಕೊಂಡು ಬಂದ ಟೀಚ್ (TEACCH) ಪದ್ಧತಿ ಅದು.

ಓಟಿ, ಬೆಂಗಳೂರು
ಗೊತ್ತು ಸರ್. ಯಾವ ಮಗುವಿಗೆ ಎಷ್ಟು ಮರೆ ಬೇಕು ಅಂತ ಮೊದಲು ನೋಡಿ ಅನ್ನುವುದೂ ಅದೇ ಪದ್ಧತಿ.

ಕರಾವಳಿ ಟೀಚರ್
ಪಾರ್ಟಿಶನ್ ಜಗಳ ಆಮೇಲೆ ಮಾಡಿ. ಮಳೆ ಬೀಳುವ ಊರಿನವರು ಕೇಳುತ್ತಿದ್ದಾರೆ, ಮಾತಿನ ಬದಲು ಮಗುವಿಗೆ ತೋರಿಸುವ ಚಿತ್ರದ ಕಾರ್ಡಿನ ಬಗ್ಗೆ ಯಾರೂ ಹೇಳಲಿಲ್ಲ.

ಕಾರ್ಡ್ ಕತ್ತರಿಸಿ ಆಮೇಲೆ ಲ್ಯಾಮಿನೇಟ್ ಮಾಡಿ, ಸುತ್ತ 4 ಎಂಎಂ ಅಂಚು ಬಿಡಿ. ಇಡೀ ಎ4 ಹಾಳೆ ಲ್ಯಾಮಿನೇಟ್ ಮಾಡಿಸಿ ಆಮೇಲೆ ತುಂಡು ಮಾಡಿದರೆ ಅಂಚು ಬಾಯಿ ಬಿಟ್ಟು ಜುಲೈನಲ್ಲಿ ಒಳಗೆ ಬೂಷ್ಟು. 180 ಕಾರ್ಡ್ ಹಾಗೇ ಬಿಸಾಡಿದ್ದು, ಅಂಗಡಿಯ ದರದಲ್ಲಿ 1,350 ರೂಪಾಯಿ. 125 ಮೈಕ್ರಾನ್ ಪೌಚ್ ಸಾಕು. ಮೂಲೆ ದುಂಡಗೆ ಕತ್ತರಿಸಿ, ಚೂಪು ಮೂಲೆ ಕಣ್ಣಿಗೆ ತಾಗುತ್ತದೆ. ಲೋ ವಿಷನ್ ಮಗು ಇದ್ದರೆ ಹೊಳಪಿನ ಪೌಚ್ ಬೇಡ, ಬೆಳಕು ಪ್ರತಿಫಲಿಸಿ ಚಿತ್ರವೇ ಕಾಣುವುದಿಲ್ಲ. ಮ್ಯಾಟ್ ಫಿನಿಶ್ ಕೇಳಿ.

ಕಾರ್ಡ್ ಸಿಕ್ಕಿಸಲು ಹಿಂದೆ ಅಂಟು ಇರುವ ವೆಲ್ಕ್ರೋವನ್ನು ಸುಣ್ಣದ ಗೋಡೆಗೆ ಹಚ್ಚಿದರೆ ಸುಣ್ಣದ ಸಮೇತ ಬರುತ್ತದೆ. ಪ್ಲೈ ಹಲಗೆಗೆ ಆಯಿಲ್ ಪೇಂಟ್ ಹೊಡೆದು, ಹೊಲಿಯುವ ವೆಲ್ಕ್ರೋ ತಂದು ಸ್ಟೇಪ್ಲರ್ ಗನ್‌ನಿಂದ ಬಡಿಯಿರಿ. ಮೆತ್ತನೆ ಭಾಗ ಹಲಗೆಗೆ, ಮುಳ್ಳಿನ ಭಾಗ ಕಾರ್ಡಿಗೆ.

ಚಿತ್ರ ಇಂಟರ್ನೆಟ್ಟಿನಿಂದ ಇಳಿಸಬೇಡಿ. ಹಿಡಿ ಇರುವ ಪಿಂಗಾಣಿ ಕಪ್ಪಿನ ಚಿತ್ರ ತೋರಿಸಿ 'ನೀರು' ಅಂದರೆ, ಸ್ಟೀಲ್ ಲೋಟದಲ್ಲಿ ಕುಡಿಯುವ ಮಗುವಿಗೆ ಏನರ್ಥ? ಅದೇ ಲೋಟದ ಫೋಟೊ ತೆಗೆಯಿರಿ. ಫೋಟೊ ಅರ್ಥವಾಗದ ಮಗುವಿಗೆ ಲೋಟವನ್ನೇ ಕೊಡಿ.

ಗದಗಿನ ಮಾಸ್ತರ
ಮುಳ್ಳು ಕಾರ್ಡಿಗ್ಯಾ? ತಪ್ಪು! ಚೀಲದಾಗ ಹಾಕಿದ್ರ ಬಟ್ಟಿಗೆ ಸಿಕ್ಕೊಂತಾವು, ಜಮಖಾನಿಗೆ ಹತ್ತತಾವು. ಮುಟ್ಟಿದ್ರ ಚುಚ್ಚತೈತಿ ಅಂತ ಹುಡುಗರು ಕಾರ್ಡ ಹಿಡಿಯಂಗಿಲ್ಲ. ಮೆತ್ತಂದು ಕಾರ್ಡಿಗೆ.

ಕರಾವಳಿ ಟೀಚರ್
ಹಲಗೆಗೆ ಮುಳ್ಳು ಹಾಕಿದರೆ ಧೂಳು, ಕೂದಲು, ಸೆರಗಿನ ನೂಲು ಎಲ್ಲ ಹಿಡಿದು ಎರಡು ತಿಂಗಳಿಗೆ ಹಿಡಿತವೇ ಇರುವುದಿಲ್ಲ. ನೀವು ಬದಲಾಯಿಸಿದ್ದೀರಾ ಆರು ಮೀಟರ್ ಪಟ್ಟಿ?

ಪ್ಲೈವುಡ್ ಅಪ್ಪ
ಎಂಟರಲ್ಲಿ ಇಬ್ಬರು ಸಿಪಿ ಮಕ್ಕಳು. ಇವರದ್ದು ವೆಲ್ಕ್ರೋ ಪುರಾಣ.

ಕುರ್ಚಿ ಸರಿ ಇಲ್ಲದೆ ಕಾರ್ಡ್ ಇಟ್ಟು ಏನು ಪ್ರಯೋಜನ? ಬೆನ್ನು ಜಾರುತ್ತಿದ್ದರೆ ಮಗುವಿನ ಶಕ್ತಿಯೆಲ್ಲ ಕೂರುವುದಕ್ಕೇ ಖರ್ಚು. ಅಳತೆ ಆರು: ಸೊಂಟದ ಅಗಲ, ಬೆನ್ನಿನಿಂದ ಮಂಡಿಯ ಹಿಂಭಾಗ, ಮಂಡಿಯಿಂದ ಹಿಮ್ಮಡಿ, ಕೂತ ಜಾಗದಿಂದ ಮೊಣಕೈ, ಕಂಕುಳು, ನೆತ್ತಿ. ಸೀಟಿನ ಆಳ ಮಂಡಿಗಿಂತ ಎರಡು ಬೆರಳು ಕಡಿಮೆ. ಜಾಸ್ತಿ ಆದರೆ ಮಂಡಿಯ ಹಿಂದೆ ಒತ್ತಿ ಮಗು ಮುಂದೆ ಜಾರುತ್ತದೆ. ಪಾದ ಗಾಳಿಯಲ್ಲಿ ನೇತಾಡಬಾರದು. ಕಾಲುಮಣೆಯನ್ನು ಒಂದೊಂದು ಇಂಚಿಗೆ ತೂತು ಕೊರೆದು ಕೂರಿಸಿ, ಬೆಳೆದ ಹಾಗೆ ಇಳಿಸಬಹುದು. ತೊಡೆಗಳು ಕತ್ತರಿಯಂತೆ ಒಂದರ ಮೇಲೊಂದು ಬರುವ ಮಗುವಿಗೆ ನಡುವೆ ಫೋಮಿನ ಗೂಟ. ಬೆಲ್ಟ್ ಸೊಂಟಕ್ಕೆ 45 ಡಿಗ್ರಿಯಲ್ಲಿ, ಹೊಟ್ಟೆಗೆ ಅಲ್ಲ. ಟ್ರೇಯ ಎತ್ತರ ಮೊಣಕೈ ಮಟ್ಟ, ಸುತ್ತ 1 ಇಂಚಿನ ದಂಡೆ, ಇಲ್ಲದಿದ್ದರೆ ದಿನವಿಡೀ ಬಿದ್ದದ್ದು ಹೆಕ್ಕುವುದೇ ಕೆಲಸ.

18 ಎಂಎಂ ಪ್ಲೈಯ ಒಂದು 8×4 ಹಾಳೆಯಲ್ಲಿ ಕುರ್ಚಿ, ಟ್ರೇ ಎರಡೂ ಬರುತ್ತವೆ. ಪ್ಲೈ 3,400, ಫೋಮ್ ಮತ್ತು ರೆಕ್ಸಿನ್ 900, ಬೆಲ್ಟ್ ಮತ್ತು ಬಕಲ್ 220, ಸ್ಕ್ರೂ ಅಂಟು 310, ಬಡಗಿ ಎರಡು ದಿನ 2,000. ಒಟ್ಟು 6,830. ಇದೇ ಕುರ್ಚಿಗೆ ಒಂದು ಸೆಂಟರ್ ಕೇಳಿದ್ದು 24,000.

ಓಟಿ, ಬೆಂಗಳೂರು
24,000ದಲ್ಲಿ ಬರೀ ಮರ ಇರುವುದಿಲ್ಲ ಸರ್, ಅಸೆಸ್‌ಮೆಂಟ್, ಅಂದರೆ ಮಗುವನ್ನು ಪರೀಕ್ಷಿಸಿ ಅಳತೆ ತೆಗೆಯುವುದೂ ಇರುತ್ತದೆ. ಬೆನ್ನು ವಾಲಿದ ಮಗುವನ್ನು ನೇರ ಹಲಗೆಗೆ ಬಿಗಿದರೆ ಕೆಡುಕೇ ಹೆಚ್ಚು.

ಪ್ಲೈವುಡ್ ಅಪ್ಪ
ಮೇಡಂ, ಆ ಅಸೆಸ್‌ಮೆಂಟ್ 12 ನಿಮಿಷದ್ದು. ಅವರ ಅಳತೆಯಲ್ಲಿ ಕಾಲುಮಣೆ ನಾಲ್ಕು ಇಂಚು ಕೆಳಗಿತ್ತು.

ಓಟಿ, ಬೆಂಗಳೂರು
ಅವರು ಮಾಡಿದ ತಪ್ಪಿಗೆ ನನ್ನನ್ನು ಬೈಯಬೇಡಿ. ಅಳತೆ ತೆಗೆಯುವಾಗ ಫಿಸಿಯೊ ಒಬ್ಬರು ಪಕ್ಕದಲ್ಲಿರಲಿ ಅನ್ನುತ್ತೇನೆ, ಅಷ್ಟೇ.

ನಿವೃತ್ತ ಟೀಚರಮ್ಮ
ಇಷ್ಟು ಜನ ಬರೆದಿರಿ, ಬಚ್ಚಲಿನ ಬಗ್ಗೆ ಒಬ್ಬರೂ ಒಂದು ಸಾಲು ಬರೆಯಲಿಲ್ಲ. ಮಕ್ಕಳು ಶಾಲೆ ಬಿಡುವುದು ವೆಲ್ಕ್ರೋಗಾಗಿ ಅಲ್ಲ.

ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆದರೆ, ಒಳಗೆ ಬಿದ್ದ ಮಗುವೇ ಬಾಗಿಲಿಗೆ ಅಡ್ಡ. ಚಿಲಕ ಹೊರಗಿನಿಂದಲೂ ತೆಗೆಯುವಂಥದ್ದು. ಹಿಡಿಕಂಬಿ ಒಂದೂವರೆ ಇಂಚಿನ ಪೈಪ್, ಗೋಡೆಯಿಂದ 2 ಇಂಚು ದೂರ, ಕಮೋಡಿನ ಸೀಟಿಗಿಂತ 8 ಇಂಚು ಮೇಲೆ. ಗೋಡೆಯ ಸಂದು ಜಾಸ್ತಿ ಆದರೆ ಮೊಣಕೈ ಒಳಗೆ ಸಿಕ್ಕಿಕೊಳ್ಳುತ್ತದೆ.

ಟಾಯ್ಲೆಟ್ ತರಬೇತಿಗೆ ಮುಂಚೆ ಮೂರು ದಿನ, 15 ನಿಮಿಷಕ್ಕೊಮ್ಮೆ ಒದ್ದೆಯೋ ಒಣಗಿದೆಯೋ ಬರೆದಿಡಿ. ಆ ಪಟ್ಟಿ ನೋಡಿ ಒದ್ದೆಯಾಗುವ ಹೊತ್ತಿಗಿಂತ 10 ನಿಮಿಷ ಮುಂಚೆ ಕರೆದೊಯ್ಯಿರಿ. ಎಲ್ಲರನ್ನೂ ಬೆಲ್ ಹೊಡೆದಾಗ ಸಾಲಾಗಿ ಕಳಿಸುವುದು ತರಬೇತಿ ಅಲ್ಲ. ಬಟ್ಟೆ ಬದಲಿಸಲು 5×2.5 ಅಡಿಯ ರೆಕ್ಸಿನ್ ಮಂಚ, ಪರದೆ, ಹೆಸರು ಬರೆದ ಚೀಲದಲ್ಲಿ ಎರಡೆರಡು ಜೊತೆ ಬಟ್ಟೆ. ದೊಡ್ಡ ಹುಡುಗಿಯರಿದ್ದರೆ ಪ್ಯಾಡ್ ಬದಲಿಸುವುದನ್ನೂ ಚಿತ್ರದ ಕಾರ್ಡ್ ಮಾಡಿ ಕಲಿಸಿ, ನಾಚಿಕೊಳ್ಳಬೇಡಿ.

ರ‍್ಯಾಂಪು: 1 ಇಂಚು ಎತ್ತರಕ್ಕೆ 12 ಇಂಚು ಉದ್ದ. ಜಗುಲಿ ಒಂದೂವರೆ ಅಡಿ ಇದ್ದರೆ ರ‍್ಯಾಂಪ್ 18 ಅಡಿ. ಕಂಟ್ರ್ಯಾಕ್ಟರ್ 6 ಅಡಿಯಲ್ಲಿ ಮುಗಿಸಿ ಫೋಟೊ ಹೊಡೆದುಕೊಂಡು ಹೋಗುತ್ತಾನೆ, ಬಿಲ್ಲಿಗೆ ಮುಂಚೆ ಟೇಪ್ ಹಿಡಿಯಿರಿ. ಮೇಲ್ಮೈ ನುಣುಪು ಮಾಡಿಸಬೇಡಿ. ಸಿಮೆಂಟ್ ಹಸಿ ಇದ್ದಾಗ ಪೊರಕೆಯಿಂದ ಅಡ್ಡ ಗೆರೆ ಎಳೆಸಿ, ಮಲೆನಾಡಿನ ಪಾಚಿಗೆ ಅದೊಂದೇ ಮದ್ದು.

ಗದಗಿನ ಮಾಸ್ತರ
ಅಮ್ಮಾರು ಹೇಳಿದ್ದು ಖರೆ. ಆದ್ರ 15 ನಿಮಿಷಕ್ಕೊಮ್ಮೆ ಬರೆಯಾಕ ಯಾರ ಅದಾರ್ರಿ? ಪ್ರಾಥಮಿಕಕ್ಕ ಅಂಗವೈಕಲ್ಯ ಇರೋ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಅಂತ ಸುಪ್ರೀಂ ಕೋರ್ಟ್ 2021ರಾಗ ಹೇಳೇತಿ. ನಮಗ ಕ್ಯಾಂಪ್ ಐತಿ, ಗೃಹಾಧಾರಿತ, ಅಂದ್ರ ಶಾಲಿಗೆ ಬರಾಕ ಆಗದ ಮಕ್ಕಳ ಮನಿಗೆ ಹೋಗಿ ಕಲಿಸೋದೈತಿ, ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಐತಿ. ಕೊಠಡಿಯೊಳಗ ಇರೋದ ವಾರಕ್ಕ ಎರಡು ದಿನ.

ನಿವೃತ್ತ ಟೀಚರಮ್ಮ
ಆ ಮೂರು ದಿನ ತಾಯಂದಿರಲ್ಲಿ ಒಬ್ಬರನ್ನು ಕೂರಿಸಿ. ಹಾಳೆಯಲ್ಲಿ ಗೀಟು ಹಾಕುವುದಕ್ಕೆ ಬಿ.ಎಡ್ ಬೇಕಿಲ್ಲ.

ಹೊಸ ಬಿಐಇಆರ್‌ಟಿ, ಮಲೆನಾಡು
ಎಲ್ಲರಿಗೂ ಧನ್ಯವಾದ. ಒಂದೇ ಪ್ರಶ್ನೆ ಉಳಿಯಿತು. ಕಿಟಕಿ ಪೂರ್ವಕ್ಕಿದೆ ಅಂದಿದ್ದೆ. ಒಬ್ಬೊಬ್ಬರೇ ಕೂರುವ ಡೆಸ್ಕ್ ಯಾವ ಗೋಡೆಗೆ?

ಓಟಿ, ಬೆಂಗಳೂರು
ಆಟಿಸಂ ಮಕ್ಕಳದ್ದು ಪಶ್ಚಿಮದ ಗೋಡೆಗೆ, ಉತ್ತರದ ಮೂಲೆಯಿಂದ ಶುರುಮಾಡಿ. ಕಿಟಕಿ ಬೆನ್ನಿಗೆ ಬರುತ್ತದೆ, ಬಾಗಿಲೂ ದೂರ. ಬೆಳಗಿನ ಬಿಸಿಲಿಗೆ ತಿಳಿ ಬಣ್ಣದ ಪರದೆ. ಲೋ ವಿಷನ್ ಹುಡುಗ ದಕ್ಷಿಣಕ್ಕೆ ಮುಖ ಮಾಡಿ ಕೂರಲಿ, ಬೆಳಕು ಎಡದಿಂದ ಬರುತ್ತದೆ. ಎಡಗೈಯಲ್ಲಿ ಬರೆಯುವವನಾದರೆ ಉತ್ತರಕ್ಕೆ. ವೀಲ್‌ಚೇರ್ ಹುಡುಗಿ ಬಾಗಿಲಿನ ಹತ್ತಿರ, ತಿರುಗಲು 5×5 ಅಡಿ ಖಾಲಿ ಬಿಡಿ. ಅಲ್ಲಿ ಚಪ್ಪಲಿ ಗುಡ್ಡೆ ಬೇಡ. ಮೇಜಿನ ಕೆಳಗೆ ಡ್ರಾಯರ್ ಇದ್ದರೆ ಕಿತ್ತುಹಾಕಿ, ಮಂಡಿ ತಾಗುತ್ತದೆ.

ಕರಾವಳಿ ಟೀಚರ್
ಹಲಗೆಗೆ ಮೆತ್ತನೆ ಭಾಗ. ಮರೆಯಬೇಡಿ.

ಗದಗಿನ ಮಾಸ್ತರ
ಕಾರ್ಡಿಗೆ!

ಪ್ಲೈವುಡ್ ಅಪ್ಪ
ಮನೆಗೆ ಒಂದು ಥರ, ಶಾಲೆಗೆ ಒಂದು ಥರ ಮಾತ್ರ ಮಾಡಬೇಡಿ. ಇಲ್ಲಿ 90 ಕಾರ್ಡಿನ ವೆಲ್ಕ್ರೋ ಕಿತ್ತು ಮತ್ತೆ ಹಚ್ಚಿದ್ದಾಗಿದೆ.