ಫರ್ಮ್, ಕಂಪನಿ, ಎಂಟರ್‌ಪ್ರೈಸಸ್: ಕರಾರು ಯಾರ ಹೆಸರಿಗೆ ಬರೆಸೋದು?

ಗೋಡೌನ್‌ಕೀಲಿ:
ಸರಕು ಖರೀದಿಸುವ ಮೂವರ ಜೊತೆ ಕರಾರು ಆಗಬೇಕು. ಒಬ್ಬರ ಬಿಲ್ಲಲ್ಲಿ ‘ಎಂಟರ್‌ಪ್ರೈಸಸ್’, ಇನ್ನೊಬ್ಬರದ್ದು ‘ಅಂಡ್ ಕಂಪನಿ’, ಮೂರನೆಯದು ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ). ಮಾತಲ್ಲಿ ಮೂರೂ ‘ನಮ್ಮ ಫರ್ಮ್’! ನಾಳೆ ದುಡ್ಡು ನಿಂತರೆ ಯಾರನ್ನು ಹಿಡಿಯೋದು?

ಕಿರ್ದಿಪುಸ್ತಕ:
ಬೋರ್ಡ್ ನಂಬಬೇಡಿ. ಎಂಟರ್‌ಪ್ರೈಸಸ್, ಟ್ರೇಡರ್ಸ್, ಏಜೆನ್ಸೀಸ್ ಎಲ್ಲ ಬರೀ ಹೆಸರು. ಬಿಲ್ಲಿನ ಜಿಎಸ್‌ಟಿ ನಂಬರ್ ನೋಡಿ. ಒಟ್ಟು 15 ಅಕ್ಷರ: ಮೊದಲೆರಡು ರಾಜ್ಯದ್ದು, ಕರ್ನಾಟಕಕ್ಕೆ 29, ಮುಂದಿನ ಹತ್ತು ಪ್ಯಾನ್. ಹಾಗಾಗಿ ಎಡದಿಂದ ಆರನೆಯದು ಪ್ಯಾನಿನ ನಾಲ್ಕನೇ ಅಕ್ಷರ. ಅಲ್ಲಿ ‘ಪಿ’ ಇದ್ದರೆ ಒಬ್ಬರದೇ ವ್ಯಾಪಾರ, ‘ಎಚ್’ ಅವಿಭಕ್ತ ಕುಟುಂಬದ್ದು, ‘ಎಫ್’ ಪಾಲುದಾರಿಕೆ, ‘ಸಿ’ ಕಂಪನಿ. ಎಲ್‌ಎಲ್‌ಪಿಗೂ ‘ಎಫ್’ ಬರುತ್ತೆ, ಎಡವುವುದೇ ಅಲ್ಲಿ.

ಕರಡುಪ್ರತಿ:
ಎಡವಿದರೆ ಪೆಟ್ಟು ಜೋರು. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಫರ್ಮ್ ಅಂದರೆ ಪಾಲುದಾರರನ್ನೆಲ್ಲ ಸೇರಿಸಿ ಕರೆಯುವ ಹೆಸರು. ಬಾಕಿಗೆ ಅವರ ಸ್ವಂತ ಮನೆ, ಸೈಟೂ ಹೊಣೆ. ಎಲ್‌ಎಲ್‌ಪಿ 2008ರ ಬೇರೆ ಕಾಯ್ದೆಯದು. ಹೆಸರಲ್ಲಿ ಪಾಲುದಾರಿಕೆ, ಹೊಣೆಯಲ್ಲಿ ಕಂಪನಿಯ ದಾಯಾದಿ. ಅದರ ಬಾಕಿ ಅದಕ್ಕೇ. ಪಾಲುದಾರರಿಂದ ವೈಯಕ್ತಿಕ ಗ್ಯಾರಂಟಿ ಬರೆಸಿಕೊಳ್ಳದಿದ್ದರೆ, ಮೋಸ ಸಾಬೀತಾದ ಹೊರತು ಅವರ ಆಸ್ತಿಗೆ ಕೈಹಾಕೋಕಾಗಲ್ಲ. ಪ್ರೈವೇಟ್ ಲಿಮಿಟೆಡ್‌ಗೂ ಇದೇ ಎಚ್ಚರ.

ಒಬ್ಬರದೇ ವ್ಯಾಪಾರವಾದರೆ ಕರಾರಿನಲ್ಲಿ ‘ಮೆಸರ್ಸ್ ಇಂಥ ಎಂಟರ್‌ಪ್ರೈಸಸ್’ ಅಂತ ನಿಲ್ಲಿಸಬೇಡಿ. ‘ಇಂಥವರ ಮಗ ಇಂಥವರು, ವಯಸ್ಸು, ಮನೆ ವಿಳಾಸ, ಇಂಥ ಹೆಸರಿನಲ್ಲಿ ವ್ಯಾಪಾರ ಮಾಡುವವರು’ ಅಂತ ಪೂರ್ತಿ ಬರೆಸಿ. ಫರ್ಮ್ ಆದರೆ ಪಾಲುದಾರಿಕೆ ಪತ್ರದ ಪ್ರತಿ ತರಿಸಿ ಎಲ್ಲರ ಹೆಸರನ್ನೂ ಸೇರಿಸಿ. ಎಲ್‌ಎಲ್‌ಪಿಗೆ ಅದರ ನೋಂದಣಿ ಸಂಖ್ಯೆ, ಸಹಿ ಹಾಕುವವರಿಗೆ ಕೊಟ್ಟ ಅಧಿಕಾರಪತ್ರ. ಆ ಸಂಖ್ಯೆಯನ್ನು ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ಪೋರ್ಟಲ್‌ಗೆ ಹಾಕಿ ‘ಆಕ್ಟಿವ್’ ಇದೆಯಾ ನೋಡಿ.

ಗೋಡೌನ್‌ಕೀಲಿ:
ಫರ್ಮ್ ನೋಂದಣಿ ಆಗಿರದಿದ್ದರೆ?

ಕರಡುಪ್ರತಿ:
ಅದು ಅವರ ತಲೆನೋವು. ಪಾಲುದಾರಿಕೆ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ, ಕರಾರಿನ ಹಕ್ಕಿಗಾಗಿ ನಿಮ್ಮ ಮೇಲೆ ದಾವೆ ಹೂಡೋಕೆ ಅವರಿಗಾಗಲ್ಲ. ನೀವು ಅವರ ಮೇಲೆ ಹೂಡಬಹುದು.

ಗೋಡೌನ್‌ಕೀಲಿ:
ಈಗ ನೋಡಿದೆ, ‘ಅಂಡ್ ಕಂಪನಿ’ಯದ್ದೂ ಆರನೇ ಅಕ್ಷರ ಪಿ! ಆದರೆ ಅಣ್ಣ ತಮ್ಮ ಇಬ್ಬರೂ ಪಾರ್ಟ್‌ನರ್ ಅಂತಾರೆ.

ಕಿರ್ದಿಪುಸ್ತಕ:
ಹಾಗಾದರೆ ಆ ನಂಬರಿನ ಲೆಕ್ಕದಲ್ಲಿ ಪಾರ್ಟ್‌ನರೇ ಇಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಂಬರ್ ಹಾಕಿ ಹುಡುಕಿ. ‘ಟ್ರೇಡ್ ನೇಮ್’ ಬೋರ್ಡಿನ ಹೆಸರು, ‘ಲೀಗಲ್ ನೇಮ್’ ಮಾಲೀಕರದ್ದು. ಅಲ್ಲಿ ಅಣ್ಣನ ಹೆಸರಿದ್ದರೆ ಅಣ್ಣನೇ ಸಹಿ ಹಾಕಲಿ. ತಮ್ಮನನ್ನು ಬೇಕಿದ್ದರೆ ಜಾಮೀನುದಾರ ಅಂತ ಸೇರಿಸಿಕೊಳ್ಳಿ.