ಅಪಘಾತದ ಮಾತೇ ಎತ್ತದ ಥೆರಪಿಸ್ಟ್, ಇದು ಸರೀನಾ?

ದಾವಣಗೆರೆ ಹುಡುಗ:
ತಂಗಿಗೆ ಕಳೆದ ವರ್ಷ ಸ್ಕೂಟರ್ ಅಪಘಾತ ಆಗಿತ್ತು. ಕಾಲು ವಾಸಿಯಾಗಿದೆ, ಆದರೆ ಲಾರಿ ಹಾರ್ನ್ ಕೇಳಿದರೆ ಈಗಲೂ ಬೆವರುತ್ತಾಳೆ, ನಿದ್ದೆ ಇಲ್ಲ. ಥೆರಪಿಗೆ ಹೋಗುತ್ತಿದ್ದಾಳೆ. ಥೆರಪಿಸ್ಟ್ ಹೋಲಿಸ್ಟಿಕ್ (ದೇಹ, ಮನಸ್ಸು ಎಲ್ಲ ಒಟ್ಟಿಗೆ ನೋಡುವುದು), ಟ್ರಾಮಾ-ಇನ್ಫಾರ್ಮ್ಡ್ (ಆಘಾತವಾದವರು ಅನ್ನುವುದನ್ನು ಗಮನದಲ್ಲಿಟ್ಟು ನಡೆಯುವುದು) ಅಂತೆಲ್ಲ ಹೇಳುತ್ತಾರೆ, ಆದರೆ ಇಲ್ಲಿವರೆಗೂ ಕೇಳಿದ್ದು ಬರೀ ನಿದ್ದೆ, ಊಟ, ಮನೆಯಲ್ಲಿ ಯಾರ ಹತ್ತಿರ ಸಲಿಗೆ ಅಂತ. ಥೈರಾಯ್ಡ್ ಟೆಸ್ಟ್ ಬೇರೆ ಮಾಡಿಸಬೇಕಂತೆ. ಅಪ್ಪ ಸುಮ್ನೆ ದುಡ್ಡು ದಂಡ ಅನ್ನುತ್ತಾರೆ.

ಶಾಂತಲಾ:
ದಂಡ ಏನಲ್ಲ. ನಾನು ಕೌನ್ಸೆಲರ್. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ ಬೆವರು, ಎದೆಬಡಿತ ಬರುತ್ತದೆ, ಅದನ್ನು ನೋಡಿಬಿಡುವುದು ಒಳ್ಳೆಯದೇ. ಆಘಾತದ ಚಿಕಿತ್ಸೆಗೆ ಜೂಡಿತ್ ಹರ್ಮನ್ ಅನ್ನುವ ಮನೋವೈದ್ಯೆ 1992ರಲ್ಲೇ ಮೂರು ಹಂತ ಹೇಳಿದರು: ಮೊದಲು ಸುರಕ್ಷಿತ ಅನ್ನಿಸಬೇಕು, ಆಮೇಲೆ ನಡೆದದ್ದನ್ನು ನೆನೆದು ಅದಕ್ಕಾಗಿ ಅಳುವುದು, ಕೊನೆಗೆ ಮತ್ತೆ ಜನರ ಜೊತೆ ಬೆರೆಯುವುದು. ಬಂದ ದಿನವೇ "ಲಾರಿ ಹೇಗೆ ಗುದ್ದಿತು ಹೇಳಿ" ಅಂದರೆ ಕೆಲವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಖಡಕ್ ಚಹಾ:
ಒಪ್ಪಿದೆ, ಆದರೆ ಪೂರ್ತಿ ಅಲ್ಲ. ಶುರುವಿನ ಹಂತದಲ್ಲೇ ವರ್ಷಗಟ್ಟಲೆ ಕೂರಿಸುವವರೂ ಇದ್ದಾರೆ. ಭಯ ಹುಟ್ಟಿಸುವುದನ್ನು ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ ಅಲ್ವಾ? ಪಿಟಿಎಸ್‌ಡಿಗೆ, ಅಂದರೆ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆಗೆ, ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದ ಟ್ರಾಮಾ-ಕೇಂದ್ರಿತ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ), ಇಎಂಡಿಆರ್ (ಘಟನೆ ನೆನೆಯುತ್ತಾ ಕಣ್ಣು ಆಚೀಚೆ ಆಡಿಸುವ ಚಿಕಿತ್ಸೆ) ಎರಡರಲ್ಲೂ ಆ ನೆನಪನ್ನು ಮುಟ್ಟಲೇಬೇಕು. "ಮುಂದಿನ ಯೋಜನೆ ಏನು, ಅಪಘಾತದ ವಿಷಯಕ್ಕೆ ಯಾವಾಗ ಬರುತ್ತೀರಿ" ಅಂತ ತಂಗಿಯೇ ನೇರವಾಗಿ ಕೇಳಲಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರಬೇಕು, ಅದನ್ನೂ ಕೇಳಲಿ. ಒಳ್ಳೆಯವರು ಇದಕ್ಕೆಲ್ಲ ಮುಖ ಊದಿಸಿಕೊಳ್ಳುವುದಿಲ್ಲ. ಹರಳು, ಗ್ರಹ ಅಂತ ಶುರು ಮಾಡಿದರೆ ಮಾತ್ರ ಎದ್ದು ಬನ್ನಿ.

ಮಲೆನಾಡಿನವ:
ಮಧ್ಯರಾತ್ರಿ ತೀರಾ ಕಷ್ಟವಾದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಹಗಲೂ ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ದಾವಣಗೆರೆ ಹುಡುಗ:
ಥ್ಯಾಂಕ್ಸ್. ತಂಗಿಗೆ ಓದಿ ಹೇಳಿದೆ. ಯೋಜನೆ ಕೇಳುತ್ತಾಳಂತೆ, ಆದರೆ ಅವರನ್ನು ಬಿಡುವುದಿಲ್ಲವಂತೆ. ಬೇಡ ಅನ್ನಿಸಿದಾಗ ನಿಲ್ಲಿಸು ಅಂತ ಮೊದಲೇ ಹೇಳಿದ್ದಾರಂತೆ, ಹಾಗೆ ಹೇಳಿದವರು ಅವರೊಬ್ಬರೇ ಅಂದಳು. ಅಪ್ಪನಿಗೆ ಇದನ್ನು ಒಪ್ಪಿಸುವುದು ನನ್ನ ಪಾಲಿನ ಕೆಲಸ.